ಕಾಂಡಕೋಶ ಕಸಿಯ ನಂತರ ಜಿವಿಎಚ್‌ಡಿ: ಸ್ಟೀರಾಯ್ಡ್ ಇಳಿಸಿದಾಗಲೆಲ್ಲ ಉಲ್ಬಣಿಸಿದರೆ ಮುಂದೇನು?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ, ತೂಕ 62 ಕೆ.ಜಿ. ಎಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ 14 ತಿಂಗಳ ಹಿಂದೆ ಕಾಂಡಕೋಶ ಕಸಿ ಆಯಿತು. ದಾನಿ, ಅವನ ಅಕ್ಕನಾದ ನಾನೇ. ಕ್ಯಾನ್ಸರ್ ಮರಳಿಲ್ಲ. ಆದರೆ ಏಳು ತಿಂಗಳಿಂದ ಬಾಯಿ ಹುಣ್ಣು, ಕಣ್ಣಿನಲ್ಲಿ ಮರಳು ಬಿದ್ದಂಥ ಉರಿ, ಮುಂಗೈ ಚರ್ಮದ ಬಿಗಿತ ಇದೆ. ದಾನಿಯ ಕೋಶಗಳು ರೋಗಿಯ ದೇಹದ ಮೇಲೆ ಎರಗುವ ದೀರ್ಘಕಾಲಿಕ ಜಿವಿಎಚ್‌ಡಿ ಎಂದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ 60 ಮಿ.ಗ್ರಾಂ ಶುರು ಮಾಡಿದರು. 15ಕ್ಕಿಂತ ಕೆಳಗೆ ಇಳಿಸಲು ಎರಡು ಸಲ ನೋಡಿದರು, ಎರಡು ಸಲವೂ ತೊಂದರೆ ಮರುಕಳಿಸಿತು. ಈಗ ರಕ್ಸೋಲಿಟಿನಿಬ್ ಎಂಬ ಔಷಧ ಸೇರಿಸೋಣ, ಆಗದಿದ್ದರೆ ಇಸಿಪಿ ಎಂಬ ಯಂತ್ರದ ಚಿಕಿತ್ಸೆ ಮಾಡೋಣ ಎನ್ನುತ್ತಿದ್ದಾರೆ. ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್, ಜೊತೆಗೆ ಪೊಸಕೊನಜೋಲ್ ಮಾತ್ರೆಗಳೂ ನಡೆಯುತ್ತಿವೆ. ಇತ್ತೀಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದು ಎಷ್ಟು ವರ್ಷದ ಮಾತು? ನನ್ನ ಕೋಶಗಳೇ ಅವನನ್ನು ಕಾಡುತ್ತಿವೆಯೇ? ಇನ್ನೊಮ್ಮೆ ಕೋಶ ಕೊಟ್ಟರೆ ಸರಿಹೋದೀತೇ? ಮನೆಯಲ್ಲಿ ಏನೇನು ನೋಡಿಕೊಳ್ಳಬೇಕು?

ಉತ್ತರ: ನೀವು ಕೊನೆಗೆ ಹೇಳಿದ ಏದುಸಿರನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದಕ್ಕೆಲ್ಲ ವಾರ, ತಿಂಗಳುಗಳ ಕಾಲಾವಕಾಶ ಇದೆ, ಇದಕ್ಕಿಲ್ಲ. ಮುಂದಿನ ಭೇಟಿಯ ದಿನ ಬರಲಿ ಎಂದು ಕಾಯದೆ ಈ ವಾರವೇ ಕಸಿ ತಂಡಕ್ಕೆ ತಿಳಿಸಿ, ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪಿಎಫ್‌ಟಿ ಪರೀಕ್ಷೆ ಮಾಡಿಸಿ.

ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಕ್ಕೆ ಇವರ ಸ್ಥಿತಿಯಲ್ಲಿ ಕನಿಷ್ಠ ನಾಲ್ಕು ಕಾರಣಗಳಿರಬಹುದು. ಒಂದು, ಜಿವಿಎಚ್‌ಡಿ ಶ್ವಾಸಕೋಶದ ಸಣ್ಣ ನಾಳಗಳಿಗೆ ಇಳಿದಿರುವುದು. ಎರಡು, ಸೋಂಕು. ಮೂರು, ರಕ್ತಹೀನತೆ. ನಾಲ್ಕು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದ್ದರಿಂದ ತೊಡೆಯ ಸ್ನಾಯುಗಳು ಸೊರಗಿರುವುದು. ಕೊನೆಯದನ್ನು ಮನೆಯಲ್ಲೇ ಸ್ವಲ್ಪ ಅಂದಾಜು ಮಾಡಬಹುದು. ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಲ್ಲಲು ಹೇಳಿ. ಉಸಿರು ಸರಾಗವಾಗಿದ್ದು ತೊಡೆ ಸೋತು ಏಳಲಾಗದಿದ್ದರೆ ಸ್ನಾಯುವಿನ ದೌರ್ಬಲ್ಯ ಇದೆ ಎಂದರ್ಥ. ಹಾಗಿದ್ದ ಮಾತ್ರಕ್ಕೆ ಶ್ವಾಸಕೋಶ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ, ಎರಡೂ ಒಟ್ಟಿಗೇ ಇರಬಹುದು.

ಇಷ್ಟು ಅವಸರ ಮಾಡುವುದಕ್ಕೆ ಕಾರಣ ಇದೆ. ಬ್ರಾಂಕಿಯೋಲೈಟಿಸ್ ಆಬ್ಲಿಟರನ್ಸ್ ಎಂಬ ಶ್ವಾಸಕೋಶದ ಜಿವಿಎಚ್‌ಡಿಯಲ್ಲಿ ಸಣ್ಣ ಗಾಳಿನಾಳಗಳ ಸುತ್ತ ನಾರಿನಂಥ ಕಲೆ ಬೆಳೆದು ನಾಳ ಮುಚ್ಚಿಹೋಗುತ್ತದೆ. ಹೀಗೆ ಮುಚ್ಚಿದ್ದು ಬಹುಮಟ್ಟಿಗೆ ಮತ್ತೆ ತೆರೆಯುವುದಿಲ್ಲ, ಚಿಕಿತ್ಸೆಯಿಂದ ಆಗುವುದು ಇಳಿಕೆಯನ್ನು ತಡೆಯುವುದಷ್ಟೇ. ಆರಂಭದಲ್ಲಿ ಕೆಮ್ಮು ಇರದೆ ಇರಬಹುದು, ಸಾಮಾನ್ಯ ಎಕ್ಸ್‌-ರೇಯಲ್ಲೂ ಏನೂ ಕಾಣದೆ ಇರಬಹುದು. ಪಿಎಫ್‌ಟಿಯಲ್ಲಿ ನೋಡಬೇಕಾದದ್ದು ಎಫ್‌ಇವಿ1, ಅಂದರೆ ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ. ಅದು ಆ ವಯಸ್ಸು ಮತ್ತು ಎತ್ತರಕ್ಕೆ ಇರಬೇಕಾದ ಮಟ್ಟದ 75%ಕ್ಕಿಂತ ಕೆಳಗಿದ್ದು, ಎರಡು ವರ್ಷದೊಳಗೆ 10% ಅಥವಾ ಹೆಚ್ಚು ಕುಸಿದಿದ್ದರೆ, ಜೊತೆಗೆ ನಾಳಗಳು ಅಡಚಿರುವ ಲಕ್ಷಣವಿದ್ದು ಸೋಂಕು ಇಲ್ಲ ಎಂದು ಖಚಿತವಾದರೆ ಈ ರೋಗನಿರ್ಣಯಕ್ಕೆ ಬರುತ್ತಾರೆ. ಉಸಿರು ಹೊರಬಿಟ್ಟ ಸ್ಥಿತಿಯಲ್ಲಿ ತೆಗೆದ ಸಿಟಿ ಸ್ಕ್ಯಾನ್‌ನಲ್ಲಿ ಗಾಳಿ ಒಳಗೇ ಸಿಕ್ಕಿಕೊಂಡಿರುವುದು ಕಾಣುತ್ತದೆ. ಉಸಿರು ಒಳಗೆಳೆದು ತೆಗೆದ ಸ್ಕ್ಯಾನ್ ಮಾತ್ರ ಇದ್ದರೆ ಅದು ತಪ್ಪಿಹೋಗಬಹುದು. ಕಸಿಗೆ ಮುಂಚಿನ ಪಿಎಫ್‌ಟಿ ವರದಿ ನಿಮ್ಮಲ್ಲಿದ್ದರೆ ಮರೆಯದೆ ಒಯ್ಯಿರಿ. ಉದಾಹರಣೆಗೆ, ಇವತ್ತಿನ 80% ಒಂದೇ ನೋಡಿದರೆ ಪರವಾಗಿಲ್ಲ ಅನಿಸೀತು, ಕಸಿಗೆ ಮುಂಚೆ 104% ಇತ್ತು ಎಂದು ಗೊತ್ತಾದರೆ ಅದೇ ಸಂಖ್ಯೆ ಬೇರೆ ಮಾತು ಹೇಳುತ್ತದೆ.

ಶ್ವಾಸಕೋಶಕ್ಕೆ ಇಳಿದಿರುವುದು ಖಚಿತವಾದರೆ ಸಾಮಾನ್ಯವಾಗಿ ಫ್ಲುಟಿಕಸೋನ್ ಇನ್‌ಹೇಲರ್, ಅಜಿತ್ರೋಮೈಸಿನ್ 250 ಮಿ.ಗ್ರಾಂ ವಾರಕ್ಕೆ ಮೂರು ದಿನ, ಮಾಂಟೆಲುಕಾಸ್ಟ್ 10 ಮಿ.ಗ್ರಾಂ ರಾತ್ರಿ, ಇವನ್ನು ಸ್ವಲ್ಪ ಕಾಲದ ಸ್ಟೀರಾಯ್ಡ್ ಜೊತೆ ಸೇರಿಸುತ್ತಾರೆ. ಅಜಿತ್ರೋಮೈಸಿನ್ ಬಗ್ಗೆ ಒಂದು ಎಚ್ಚರಿಕೆ. ಈ ತೊಂದರೆ ಬಾರದಿರಲಿ ಎಂದು ಮುಂಜಾಗ್ರತೆಗೆ ಅದನ್ನು ದೀರ್ಘಕಾಲ ಕೊಟ್ಟ ಪ್ರಯೋಗದಲ್ಲಿ ರಕ್ತದ ಕ್ಯಾನ್ಸರ್ ಮರಳುವುದು ಹೆಚ್ಚಾಯಿತೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಹಾಗಾಗಿ ರೋಗ ಖಚಿತವಾಗುವ ಮೊದಲೇ "ಇರಲಿ" ಎಂದು ಅದನ್ನು ಶುರು ಮಾಡುವುದು ಸರಿಯಲ್ಲ.

ಕೋಶಗಳ ತಪ್ಪೇ?

ಹೌದು, ದಾಳಿ ಮಾಡುತ್ತಿರುವುದು ನಿಮ್ಮಿಂದ ಹೋದ ಟಿ ಕೋಶಗಳೇ, ಮತ್ತು ಅವು ತರಬೇತಿ ಕೊಟ್ಟ ಬೇರೆ ರೋಗನಿರೋಧಕ ಕೋಶಗಳು. ಎಚ್‌ಎಲ್‌ಎ (ದಾನಿ-ರೋಗಿಯ ಹೊಂದಿಕೆ ನೋಡುವ ಕೋಶದ ಗುರುತು) ಪೂರ್ತಿ ಹೊಂದಿಕೆಯಾದ ಒಡಹುಟ್ಟಿದವರ ನಡುವೆಯೂ ಪರೀಕ್ಷೆಗೆ ಸಿಗದ ಸಣ್ಣಪುಟ್ಟ ವ್ಯತ್ಯಾಸಗಳು ಉಳಿದೇ ಇರುತ್ತವೆ. ಹೆಣ್ಣಿನ ಕೋಶ ಗಂಡಿಗೆ ಹೋದಾಗ ವೈ ಕ್ರೋಮೋಸೋಮಿನ ಪ್ರೋಟೀನುಗಳು ಆ ಕೋಶಗಳಿಗೆ ಅಪರಿಚಿತ, ಆದ್ದರಿಂದ ದೀರ್ಘಕಾಲಿಕ ಜಿವಿಎಚ್‌ಡಿ ಕೊಂಚ ಹೆಚ್ಚು. ಮಜ್ಜೆಯಿಂದ ತೆಗೆದ ಕೋಶಗಳಿಗಿಂತ ತೋಳಿನ ರಕ್ತನಾಳದಿಂದ ಸಂಗ್ರಹಿಸಿದ ಕೋಶಗಳಲ್ಲೂ ಹಾಗೇ. ಇದೆಲ್ಲ ದಾನಿಯನ್ನು ಆರಿಸುವಾಗಲೇ ತಂಡಕ್ಕೆ ಗೊತ್ತಿರುವ ಲೆಕ್ಕ, ನಿಮ್ಮ ಕಡೆಯಿಂದ ಆದ ಕೊರತೆಯಲ್ಲ. ದೇಹದ ಮೇಲೆ ಎರಗುವ ಅದೇ ಶಕ್ತಿ ಅಳಿದುಳಿದ ಕ್ಯಾನ್ಸರ್ ಕೋಶಗಳ ಮೇಲೂ ಎರಗುತ್ತದೆ. ದೀರ್ಘಕಾಲಿಕ ಜಿವಿಎಚ್‌ಡಿ ಬಂದವರಲ್ಲಿ ರಕ್ತದ ಕ್ಯಾನ್ಸರ್ ಮರಳುವುದು ಕಡಿಮೆ ಎಂಬುದು ದಶಕಗಳಿಂದ ಕಂಡುಬಂದ ಸಂಗತಿ. ವೈದ್ಯರು ರೋಗನಿರೋಧಕ ಶಕ್ತಿಯನ್ನು ಪೂರ್ತಿ ಅದುಮಿಬಿಡದೆ ಇರುವುದಕ್ಕೆ ಇದೂ ಒಂದು ಕಾರಣ.

ಇನ್ನೊಮ್ಮೆ ಕೋಶ ಕೊಡುವ ಮಾತು ಬೇಡ. ಕ್ಯಾನ್ಸರ್ ಮರಳಿದಾಗ ದಾನಿಯ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಮತ್ತೆ ಕೊಡುವ ಪದ್ಧತಿ ಇದೆ, ಆದರೆ ಅದರ ಮುಖ್ಯ ಅಡ್ಡಪರಿಣಾಮವೇ ಜಿವಿಎಚ್‌ಡಿ. ಈಗ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಎಷ್ಟು ವರ್ಷ?

ಹೆಚ್ಚಿನವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಎರಡು ಮೂರು ವರ್ಷ ಬೇಕಾಗುತ್ತದೆ, ಕೆಲವರಿಗೆ ಐದು ದಾಟುತ್ತದೆ. ಕ್ರಮೇಣ ಹೊಸ ರೋಗನಿರೋಧಕ ವ್ಯವಸ್ಥೆ ಈ ದೇಹವನ್ನು ತನ್ನದೆಂದು ಒಪ್ಪಿಕೊಳ್ಳುತ್ತದೆ. ಆ ಒಪ್ಪಂದ ಆಗುವವರೆಗೆ ಅಂಗಗಳಿಗೆ ಶಾಶ್ವತ ಹಾನಿ ಆಗದಂತೆ ಕಾಯುವುದೇ ಔಷಧಗಳ ಕೆಲಸ. ಇದನ್ನು ಹೇಳಲು ಕಾರಣವಿದೆ: "ಔಷಧ ರೋಗ ವಾಸಿ ಮಾಡುತ್ತಿಲ್ಲ" ಎಂದು ಬೇಸತ್ತು ಬಿಟ್ಟುಬಿಡುವವರು ಬಹಳ.

ಇಲ್ಲೊಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈ ರೋಗದಲ್ಲಿ ಪ್ರತಿ ತೊಂದರೆಗೂ ಎರಡು ಮುಖ: ಈಗ ನಡೆಯುತ್ತಿರುವ ಉರಿಯೂತ, ಮತ್ತು ಹಿಂದಿನ ಉರಿಯೂತ ಬಿಟ್ಟುಹೋದ ಕಲೆ. ಕೆಂಪಾದ ಹುಣ್ಣು, ಹೊಸ ದದ್ದು, ಏರುತ್ತಿರುವ ಲಿವರ್ ಪರೀಕ್ಷೆಯ ಸಂಖ್ಯೆ, ಇವು ಉರಿಯೂತ; ಔಷಧಕ್ಕೆ ವಾರಗಳಲ್ಲಿ ಬಗ್ಗುತ್ತವೆ. ಕಣ್ಣೀರಿನ ಗ್ರಂಥಿಯೇ ಒಣಗಿಹೋಗಿರುವುದು, ಗಟ್ಟಿಯಾಗಿ ಒಳಗಿನ ಪೊರೆಗೆ ಅಂಟಿದ ಚರ್ಮ, ಮುಚ್ಚಿದ ಗಾಳಿನಾಳ, ಇವು ಕಲೆ. ಸ್ಟೀರಾಯ್ಡ್ ಎಷ್ಟು ಏರಿಸಿದರೂ ಕರಗುವುದು ಕಷ್ಟ. ಕಣ್ಣು ಇನ್ನೂ ಒಣಗಿದೆ ಎಂಬ ಒಂದೇ ಕಾರಣಕ್ಕೆ ಪ್ರೆಡ್ನಿಸೋಲೋನ್ ಏರಿಸಿದರೆ ಕಣ್ಣಿಗೆ ಲಾಭವಿಲ್ಲ, ಮೂಳೆಗೆ ನಷ್ಟ. ಪ್ರತಿ ಭೇಟಿಯಲ್ಲೂ "ಇದು ಈಗ ಸಕ್ರಿಯವಾಗಿದೆಯೋ, ಹಳೆಯ ಕಲೆಯೋ?" ಎಂದು ಕೇಳಿ. ಡೋಸ್ ಏರಿಸುವ ಇಳಿಸುವ ತೀರ್ಮಾನ ನಿಲ್ಲುವುದು ಆ ಉತ್ತರದ ಮೇಲೆ.

ಎರಡನೇ ಔಷಧ ಏಕೆ ಬೇಕು

ಸ್ಟೀರಾಯ್ಡ್ ಅವಲಂಬನೆಗೆ ಒಪ್ಪಿತ ಅಳತೆ ಇದೆ. ಕನಿಷ್ಠ ಎಂಟು ವಾರ ಅಂತರದ ಎರಡು ಪ್ರಯತ್ನಗಳಲ್ಲೂ ಡೋಸ್ ದಿನಕ್ಕೆ ಕೆ.ಜಿ.ಗೆ 0.25 ಮಿ.ಗ್ರಾಂಗಿಂತ ಕೆಳಗೆ ಇಳಿಯದಿದ್ದರೆ ಅದು ಅವಲಂಬನೆ. 62 ಕೆ.ಜಿ.ಗೆ ಲೆಕ್ಕ ಹಾಕಿದರೆ 15.5 ಮಿ.ಗ್ರಾಂ, ಸರಿಯಾಗಿ ನಿಮ್ಮ ತಮ್ಮ ಎಡವುತ್ತಿರುವ ಜಾಗ. ಮೂರನೇ ಸಲ ಅದೇ ಪ್ರಯತ್ನ ಮಾಡುವುದರಲ್ಲಿ ಹುರುಳಿಲ್ಲ. ಎರಡನೇ ಔಷಧ ಸೇರಿಸುವ ಸಲಹೆ ಸರಿಯಾಗಿದೆ. ನನ್ನ ಪ್ರಕಾರ ತಡವಾಗದಿದ್ದರೆ ಒಳ್ಳೆಯದು, ಏಕೆಂದರೆ ಮುಂಗೈ ಚರ್ಮ ಬಿಗಿಯುತ್ತಿರುವುದು ಕಲೆಯ ಕಡೆ ಹೊರಟಿರುವ ಸೂಚನೆ.

ರಕ್ಸೋಲಿಟಿನಿಬ್ ಕೋಶದೊಳಗಿನ ಜೆಎಕೆ1, ಜೆಎಕೆ2 ಎಂಬ ಸಂದೇಶವಾಹಕಗಳನ್ನು ತಡೆಯುತ್ತದೆ. ಸಾಮಾನ್ಯ ಡೋಸ್ 10 ಮಿ.ಗ್ರಾಂ ದಿನಕ್ಕೆ ಎರಡು ಸಲ. 2021ರಲ್ಲಿ ಪ್ರಕಟವಾದ ರೀಚ್3 ಪ್ರಯೋಗದಲ್ಲಿ, ಸ್ಟೀರಾಯ್ಡ್‌ಗೆ ಬಗ್ಗದ ಅಥವಾ ಅದರ ಮೇಲೇ ಅವಲಂಬಿತರಾದವರಲ್ಲಿ 24ನೇ ವಾರಕ್ಕೆ ಸ್ಪಂದಿಸಿದವರು 49.7%, ಆಗ ಲಭ್ಯವಿದ್ದ ಬೇರೆ ಚಿಕಿತ್ಸೆ ಪಡೆದವರಲ್ಲಿ 25.6%. ಸ್ಪಂದನೆ ಎಂದರೆ ಪೂರ್ತಿ ವಾಸಿಯಾಗುವುದು ಎಂದಲ್ಲ, ಹೆಚ್ಚಿನವರದು ಭಾಗಶಃ ಸುಧಾರಣೆ. ಮುಖ್ಯ ತೊಂದರೆ ಎರಡು: ಹಿಮೋಗ್ಲೋಬಿನ್ ಹಾಗೂ ಪ್ಲೇಟ್‌ಲೆಟ್ ಇಳಿಯುವುದು, ಮತ್ತು ಸೋಂಕು, ಅದರಲ್ಲೂ ವೈರಸ್‌ಗಳು ಮತ್ತೆ ತಲೆಯೆತ್ತುವುದು. ಶುರುವಿನಲ್ಲಿ ವಾರವಾರ ರಕ್ತಪರೀಕ್ಷೆ ಬೇಕು. ಪ್ಲೇಟ್‌ಲೆಟ್ ಇಳಿದಾಗ ವೈದ್ಯರು ಡೋಸ್ ಕಡಿಮೆ ಮಾಡುತ್ತಾರೆ. ಮಾತ್ರೆ ತೀರಿತೆಂದು ನಡುವೆ ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡುವುದು ಅಪಾಯ, ಹಠಾತ್ ನಿಲ್ಲಿಸಿದರೆ ರೋಗ ಜೋರಾಗಿ ಮರುಕಳಿಸಬಹುದು.

ಇದಲ್ಲದೆ ಇಬ್ರುಟಿನಿಬ್ (ಎಫ್‌ಡಿಎ ಅನುಮತಿ 2017), ಬೆಲುಮೊಸುಡಿಲ್ (2021), ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಅಕ್ಸಾಟಿಲಿಮ್ಯಾಬ್ (2024) ಇವೆ. ಎಲ್ಲವೂ ಎಲ್ಲ ದೇಶಗಳಲ್ಲಿ ಸಿಗುವುದಿಲ್ಲ. ಬೆಲುಮೊಸುಡಿಲ್ ಕಲೆ ಬೆಳೆಯುವ ದಾರಿಯನ್ನೇ ತಡೆಯುವ ಗುಣದ್ದಾದ್ದರಿಂದ ಚರ್ಮದ ಬಿಗಿತ ಮುಖ್ಯವಾಗಿರುವವರಲ್ಲಿ ಅದರ ಬಗ್ಗೆ ಕೇಳುವುದು ತಪ್ಪಲ್ಲ. ಅದನ್ನು ಊಟದ ಜೊತೆ ನುಂಗಬೇಕು. ಹೊಟ್ಟೆಯುರಿಗೆ ಕೊಡುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆ ಜೊತೆಗಿದ್ದರೆ ಡೋಸ್ ಬದಲಿಸಬೇಕಾಗುತ್ತದೆ. ಇಬ್ರುಟಿನಿಬ್‌ನಲ್ಲಿ ರಕ್ತಸ್ರಾವ ಮತ್ತು ಹೃದಯದ ಲಯ ತಪ್ಪುವುದರ ಮೇಲೆ ಕಣ್ಣಿಡಬೇಕು.

ಇಸಿಪಿ ಬೇರೆಯೇ ಬಗೆಯದು. ರಕ್ತವನ್ನು ಯಂತ್ರಕ್ಕೆ ಎಳೆದು, ಬಿಳಿ ಕಣಗಳನ್ನಷ್ಟೇ ಬೇರ್ಪಡಿಸಿ, ಅವಕ್ಕೆ ಮೆಥಾಕ್ಸಲೆನ್ ಎಂಬ ಔಷಧ ಬೆರೆಸಿ, ಯುವಿಎ ಎಂಬ ನೇರಳಾತೀತ ಬೆಳಕಿಗೆ ಒಡ್ಡಿ, ಮತ್ತೆ ದೇಹಕ್ಕೆ ಬಿಡುತ್ತಾರೆ. ಹೀಗೆ ಹಾನಿಗೊಂಡು ಸಾಯುವ ಕೋಶಗಳು ಉಳಿದ ರೋಗನಿರೋಧಕ ವ್ಯವಸ್ಥೆಗೆ ಸಂಯಮದ ಸೂಚನೆ ಕೊಡುತ್ತವೆ. ಇದರ ದೊಡ್ಡ ಗುಣವೆಂದರೆ ಸೋಂಕಿನ ಅಪಾಯವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಪದೇ ಪದೇ ಸೋಂಕಾಗುವವರಿಗೆ, ಕ್ಯಾನ್ಸರ್ ಮರಳುವ ಭಯ ಹೆಚ್ಚಿರುವವರಿಗೆ ನಾನು ಇದರ ಪರ. ತೊಡಕು ಇರುವುದು ಸಮಯ ಮತ್ತು ರಕ್ತನಾಳದಲ್ಲಿ. ಒಂದು ಸಲಕ್ಕೆ ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ, ಸಾಮಾನ್ಯವಾಗಿ ಸತತ ಎರಡು ದಿನ, ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ದಪ್ಪ ಸೂಜಿ ತಡೆಯುವ ರಕ್ತನಾಳ ಇಲ್ಲದಿದ್ದರೆ ಕ್ಯಾತಿಟರ್ ಎಂಬ ಕೊಳವೆ ಹಾಕಬೇಕು, ಆಗ ಕ್ಯಾತಿಟರ್‌ನಿಂದಲೇ ಸೋಂಕು ಬರಬಹುದು.

ಇಸಿಪಿಗೆ ಹೋಗುವ ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ ಎಣ್ಣೆ, ಬೆಣ್ಣೆ, ಕರಿದ ಪದಾರ್ಥ ಬೇಡ. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದರೆ ಪ್ಲಾಸ್ಮಾ ಹಾಲಿನಂತೆ ಮಬ್ಬಾಗುತ್ತದೆ, ಬಿಳಿ ಕಣಗಳ ಪದರವನ್ನು ಬೆಳಕಿನಿಂದ ಗುರುತಿಸುವ ಯಂತ್ರದ ಕಣ್ಣಿಗೆ ಗಡಿ ಸಿಗುವುದಿಲ್ಲ, ಆ ದಿನದ ಚಿಕಿತ್ಸೆ ಅರ್ಧಕ್ಕೇ ನಿಲ್ಲಬಹುದು. ಹಿಂದಿನ ದಿನದಿಂದಲೇ ಚೆನ್ನಾಗಿ ನೀರು ಕುಡಿದರೆ ರಕ್ತನಾಳ ಸುಲಭವಾಗಿ ಸಿಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಬಳಸಿದಾಗ ತುಟಿ, ಬೆರಳ ತುದಿ ಜುಮ್ಮೆನ್ನಬಹುದು. ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಇಳಿದದ್ದರಿಂದ ಹಾಗಾಗುತ್ತದೆ, ನರ್ಸ್‌ಗೆ ಕೂಡಲೇ ಹೇಳಿದರೆ ವೇಗ ತಗ್ಗಿಸುತ್ತಾರೆ. ಮುಗಿದ ಮೇಲೆ 24 ಗಂಟೆ ಯುವಿಎ ತಡೆಯುವ ಕನ್ನಡಕ ಹಾಕಿರಬೇಕು, ಕಿಟಕಿಯ ಗಾಜಿನ ಹಿಂದೆ ಕುಳಿತಾಗಲೂ. ಗಾಜು ಯುವಿಎಯನ್ನು ಪೂರ್ತಿ ತಡೆಯುವುದಿಲ್ಲ.

ಹೊಸ ಔಷಧ ಯಾವುದೇ ಆಗಲಿ, ಮೊದಲ ಕೆಲವು ವಾರ ಸ್ಟೀರಾಯ್ಡ್ ಡೋಸನ್ನು ಹಾಗೇ ಇಟ್ಟು, ಹಿಡಿತ ಸಿಕ್ಕ ಮೇಲೆ ಇಳಿಸುವುದು ರೂಢಿ. ಎರಡು ವಾರಕ್ಕೊಮ್ಮೆ ಆಗಿನ ಡೋಸಿನ 20ರಿಂದ 30% ಇಳಿಕೆ, 20 ಮಿ.ಗ್ರಾಂ ಇದ್ದರೆ 15, ಅಲ್ಲಿಂದ 12, ಹೀಗೆ. ತಳಕ್ಕೆ ಬಂದಂತೆ ಹೆಜ್ಜೆ ಇನ್ನೂ ಚಿಕ್ಕದಾಗಲಿ. ಒಂದು ಸಲಕ್ಕೆ ಒಂದೇ ಔಷಧ ಇಳಿಸಬೇಕು. ಟ್ಯಾಕ್ರೋಲಿಮಸ್ಸನ್ನೂ ಪ್ರೆಡ್ನಿಸೋಲೋನನ್ನೂ ಒಂದೇ ವಾರ ಇಳಿಸಿ ಬಾಯಿ ಹುಣ್ಣಾದರೆ ಯಾವುದನ್ನು ಮತ್ತೆ ಏರಿಸಬೇಕು ಎಂದು ಯಾರಿಗೂ ಗೊತ್ತಾಗುವುದಿಲ್ಲ. ದಿನಾಂಕ, ಡೋಸ್, ಆ ವಾರ ಬಾಯಿ-ಕಣ್ಣು-ಚರ್ಮ-ಉಸಿರಿನ ಸ್ಥಿತಿ, ಇಷ್ಟನ್ನು ಒಂದು ಪುಸ್ತಕದಲ್ಲಿ ಒಂದೊಂದು ಸಾಲು ಬರೆದಿಡಿ. ವೈದ್ಯರು ಬದಲಾದಾಗ ದಪ್ಪ ಫೈಲಿಗಿಂತ ಈ ಪುಸ್ತಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಔಷಧಗಳು ಒಂದಕ್ಕೊಂದು ತಗಲಿಕೊಳ್ಳುವ ಬಗೆ

ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಪೊಸಕೊನಜೋಲ್ ಮೇಲೆ. ಶಿಲೀಂಧ್ರ ಸೋಂಕು ತಡೆಯುವ ಈ ಮಾತ್ರೆ, ಟ್ಯಾಕ್ರೋಲಿಮಸ್ಸನ್ನು ಕರಗಿಸುವ ಲಿವರ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಇದನ್ನು ಶುರು ಮಾಡುವಾಗ ಟ್ಯಾಕ್ರೋಲಿಮಸ್ ಡೋಸನ್ನು ಸುಮಾರು ಮೂರನೇ ಒಂದು ಭಾಗಕ್ಕೆ ತಗ್ಗಿಸುವುದು ಅದಕ್ಕೇ. ಎಡವಟ್ಟಾಗುವುದು ನಿಲ್ಲಿಸುವಾಗ. ಸ್ಟಾಕ್ ಇಲ್ಲವೆಂದೋ ಹೊಟ್ಟೆ ಕೆಟ್ಟಿತೆಂದೋ ಪೊಸಕೊನಜೋಲ್ ಬಿಟ್ಟರೆ, ಟ್ಯಾಕ್ರೋಲಿಮಸ್ ಮಾತ್ರೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಮಟ್ಟ ಒಂದೆರಡು ವಾರದಲ್ಲಿ ಕುಸಿಯುತ್ತದೆ. ಆಮೇಲೆ ಜಿವಿಎಚ್‌ಡಿ ಉಲ್ಬಣಿಸುತ್ತದೆ, "ಕಾರಣವಿಲ್ಲದೆ ಮರುಕಳಿಸಿತು" ಎಂದು ಸ್ಟೀರಾಯ್ಡ್ ಏರುತ್ತದೆ. ಹಿಂದೆ ಎರಡು ಸಲ ಉಲ್ಬಣಿಸಿದಾಗ ಇಂಥದ್ದೇನಾದರೂ ಆಗಿತ್ತೇ ಎಂದು ಒಮ್ಮೆ ದಿನಾಂಕ ಹೋಲಿಸಿ ನೋಡಿ. ರಕ್ಸೋಲಿಟಿನಿಬ್ ಕೂಡ ಅದೇ ಕಿಣ್ವದಿಂದಲೇ ಕರಗುವುದು. ಜೊತೆಗೆ ಪೊಸಕೊನಜೋಲ್ ಇದೆ ಎಂಬುದನ್ನು ಮೊದಲ ಡೋಸ್ ಬರೆಯುವಾಗಲೇ ವೈದ್ಯರಿಗೆ ನೆನಪಿಸಿ.

ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆಗೆ ರಕ್ತ ಕೊಡುವ ಬೆಳಿಗ್ಗೆ ಮಾತ್ರೆ ನುಂಗದೆ ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ನುಂಗಿ ಕೊಟ್ಟ ರಕ್ತದಲ್ಲಿ ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ, ಡೋಸ್ ತಪ್ಪಾಗಿ ಇಳಿಯುತ್ತದೆ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಎರಡೂ ಬೇಡ. ಸಾಮಾನ್ಯ ದ್ರಾಕ್ಷಿಗೂ ಇದಕ್ಕೂ ಸಂಬಂಧವಿಲ್ಲ, ದ್ರಾಕ್ಷಿ ತಿನ್ನಬಹುದು. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬಾರದು, ಟ್ಯಾಕ್ರೋಲಿಮಸ್ ಜೊತೆ ಸೇರಿ ಕಿಡ್ನಿಗೆ ಪೆಟ್ಟು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಗಿಡಮೂಲಿಕೆ ಪುಡಿ, ಕಷಾಯಗಳು ಈ ರೋಗದಲ್ಲಿ ತೀರಾ ತಲೆಕೆಳಗಾದ ಚಿಕಿತ್ಸೆ. ಇಲ್ಲಿ ಆ ಶಕ್ತಿಯೇ ದಾರಿ ತಪ್ಪಿರುವುದು.

ಸೋಂಕು

ದೀರ್ಘಕಾಲಿಕ ಜಿವಿಎಚ್‌ಡಿ ಇರುವವರ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಸೋಂಕು. ಗುಲ್ಮ, ಅಂದರೆ ಸ್ಪ್ಲೀನ್, ಇದ್ದೂ ಇಲ್ಲದಂತಾಗಿರುತ್ತದೆ, ನ್ಯುಮೋಕಾಕಸ್‌ನಂಥ ಕವಚವಿರುವ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲವು. ಅದಕ್ಕೇ ಪೆನಿಸಿಲಿನ್, ನ್ಯುಮೊಸಿಸ್ಟಿಸ್ ನ್ಯುಮೋನಿಯಾ ತಡೆಗೆ ಕೋಟ್ರಿಮಾಕ್ಸಜೋಲ್, ಸರ್ಪಸುತ್ತು ತಡೆಗೆ ಅಸೈಕ್ಲೋವಿರ್ ಕೊಡುವುದು. ಎಲ್ಲ ಚೆನ್ನಾಗಿದೆ ಎನಿಸಿದಾಗ ಮೊದಲು ಬಿಟ್ಟುಹೋಗುವ ಮಾತ್ರೆಗಳೂ ಇವೇ. ಕೋಟ್ರಿಮಾಕ್ಸಜೋಲ್ ಮತ್ತು ಅಸೈಕ್ಲೋವಿರ್ ಸಾಮಾನ್ಯವಾಗಿ ರೋಗನಿರೋಧಕ ತಗ್ಗಿಸುವ ಔಷಧ ನಿಂತ ಆರು ತಿಂಗಳ ನಂತರದವರೆಗೂ ಮುಂದುವರಿಯುತ್ತವೆ. ನೀವು ಬರೆದ ಪಟ್ಟಿಯಲ್ಲಿ ಈ ಮೂರರ ಹೆಸರು ಇಲ್ಲ. ಬರೆಯಲು ಮರೆತದ್ದೋ, ಕೊಟ್ಟೇ ಇಲ್ಲವೋ, ನಡುವೆ ನಿಂತಿತೋ, ಫೋನ್ ಮಾಡಿ ಕೇಳಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದೇ ಗಂಟೆ ಆಸ್ಪತ್ರೆ. ರಾತ್ರಿಯಾದರೂ ಸರಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವುದು ಇಲ್ಲಿ ನಡೆಯದು. ಸ್ಟೀರಾಯ್ಡ್ ಜ್ವರವನ್ನೇ ಮುಚ್ಚಿಡುವುದರಿಂದ, ಥರ್ಮಾಮೀಟರ್ 37.4 ತೋರಿಸುತ್ತಿದ್ದರೂ ಚಳಿ ನಡುಕ, ಹಠಾತ್ ನಿತ್ರಾಣ, ಮಂಪರು, ಹೊಸ ಕೆಮ್ಮು ಇದ್ದರೆ ಜ್ವರವೆಂದೇ ಎಣಿಸಿ.

ಕಣ್ಣು, ಬಾಯಿ, ಚರ್ಮ

ಕಣ್ಣಿಗೆ ಸಂರಕ್ಷಕ ರಾಸಾಯನಿಕ ಇಲ್ಲದ ಕೃತಕ ಕಣ್ಣೀರನ್ನೇ ಬಳಸಬೇಕು. ಸಾಮಾನ್ಯ ಬಾಟಲಿಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್, ದಿನಕ್ಕೆ ಹತ್ತಾರು ಸಲ ಹಾಕುವವರ ಕಾರ್ನಿಯಾವನ್ನು ಕೆಡಿಸುತ್ತದೆ. ಉರಿ ಬಂದಾಗ ಹಾಕುವುದಲ್ಲ, ಎಚ್ಚರವಿದ್ದಷ್ಟು ಹೊತ್ತು ಗಂಟೆಗೊಂದು ಹನಿ, ಮಲಗುವಾಗ ಮುಲಾಮು. ಸಾಲದಿದ್ದರೆ ಸೈಕ್ಲೋಸ್ಪೋರಿನ್ ಹನಿ, ಕಣ್ಣೀರು ಬಸಿದುಹೋಗುವ ರಂಧ್ರಕ್ಕೆ ಪುಟ್ಟ ಬಿರಡೆ, ರೋಗಿಯ ರಕ್ತದಿಂದಲೇ ತಯಾರಿಸಿದ ಸೀರಂ ಹನಿ, ಕಡೆಗೆ ಕಣ್ಣೀರಿನ ಪದರವನ್ನು ಹಿಡಿದಿಡುವ ಸ್ಕ್ಲೀರಲ್ ಲೆನ್ಸ್. ಈ ಲೆನ್ಸ್‌ನಿಂದ ಮತ್ತೆ ಓದಲು, ಗಾಡಿ ಓಡಿಸಲು ಆದವರು ಅನೇಕರು, ಆದರೂ ಇದರ ಮಾತು ಬರುವುದೇ ತಡವಾಗಿ, ನೀವೇ ಕೇಳಿ. ಹಠಾತ್ ಕಣ್ಣುನೋವು, ಬೆಳಕು ನೋಡಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಬಾಯಿಗೆ ಡೆಕ್ಸಾಮೆಥಸೋನ್ ದ್ರಾವಣ (5 ಮಿ.ಲೀ.ನಲ್ಲಿ 0.5 ಮಿ.ಗ್ರಾಂ) ಕೊಟ್ಟಿದ್ದರೆ ಗಡಿಯಾರ ನೋಡಿಕೊಂಡು ನಾಲ್ಕೈದು ನಿಮಿಷ ಬಾಯಲ್ಲಿ ಹಿಡಿದು, ಮುಕ್ಕಳಿಸಿ, ಉಗುಳಬೇಕು, ನುಂಗಬಾರದು. ಆಮೇಲೆ ಅರ್ಧ ಗಂಟೆ ನೀರೂ ಬೇಡ. ಮೂವತ್ತು ಸೆಕೆಂಡ್ ಮುಕ್ಕಳಿಸಿ ಉಗುಳಿ "ಇದರಿಂದ ಉಪಯೋಗವಿಲ್ಲ" ಎನ್ನುವವರೇ ಹೆಚ್ಚು. ಗುಣವಾಗುತ್ತಿದ್ದ ಬಾಯಿ ಮತ್ತೆ ಉರಿಯತೊಡಗಿ ಬಿಳಿ ಪೊರೆ ಕಂಡರೆ, ಅದು ಈ ದ್ರಾವಣದಿಂದಲೇ ಬಂದ ಶಿಲೀಂಧ್ರ ಇರಬಹುದು. ಒರೆಸಿದರೆ ಬರುವ ಬಿಳಿ ಪೊರೆ ಸಾಮಾನ್ಯವಾಗಿ ಶಿಲೀಂಧ್ರದ್ದು, ಒರೆಸಿದರೂ ಹೋಗದ ಜಾಲರಿಯಂಥ ಗೆರೆ ಜಿವಿಎಚ್‌ಡಿಯದು. ನೊರೆ ಬರಿಸುವ ಎಸ್‌ಎಲ್‌ಎಸ್ ಇಲ್ಲದ, ಪುದೀನ ಘಾಟಿಲ್ಲದ, ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಬಳಸಿ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬಹುಬೇಗ ಹುಳುಕಾಗುತ್ತದೆ, ಆರು ತಿಂಗಳಿಗೊಮ್ಮೆ ದಂತವೈದ್ಯರು ನೋಡಲಿ. ಎರಡು ವಾರವಾದರೂ ಮಾಯದ, ಅಂಚು ಗಟ್ಟಿಯಾದ ಒಂದೇ ಜಾಗದ ಹುಣ್ಣಿಗೆ ಬಯಾಪ್ಸಿ ಬೇಕು, ಇವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ ಹೆಚ್ಚು.

ಚರ್ಮದ ಬಿಗಿತವನ್ನು ಅಳೆಯಲು ಕೈಮುಗಿಯುವ ಭಂಗಿ ಸಾಕು. ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ, ಮೊಣಕೈಗಳನ್ನು ಪಕ್ಕಕ್ಕೆ ಎತ್ತಲಿ. ಅಂಗೈ-ಬೆರಳುಗಳ ನಡುವೆ ಸಂದು ಉಳಿಯುತ್ತಿದ್ದರೆ ಮಣಿಕಟ್ಟಿನ ಸುತ್ತಲ ಪೊರೆ ಬಿಗಿಯುತ್ತಿದೆ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಪಕ್ಕದಿಂದ ಫೋಟೋ ತೆಗೆದಿಡಿ. ನಿಧಾನಕ್ಕೆ ಆಗುವ ಬದಲಾವಣೆ ದಿನಾ ನೋಡುವ ಕಣ್ಣಿಗೆ ಕಾಣುವುದಿಲ್ಲ. ಫಿಸಿಯೋಥೆರಪಿಯನ್ನು ಬಿಗಿತ ಕಡಿಮೆಯಾದ ಮೇಲೆ ಎಂದು ಮುಂದೂಡಬೇಡಿ, ಈಗಲೇ ಶುರುವಾಗಲಿ. ಮಣಿಕಟ್ಟು, ಮೊಣಕೈ, ಭುಜ, ಕಾಲಿನ ಕೀಲು ಪ್ರತಿಯೊಂದನ್ನೂ ದಿನಕ್ಕೆರಡು ಸಲ, ನೋವಿನ ಅಂಚಿನವರೆಗೆ ಎಳೆದು ಅರ್ಧ ನಿಮಿಷ ಹಿಡಿಯುವುದು. ಬಿಸಿಲು ಚರ್ಮದ ಜಿವಿಎಚ್‌ಡಿಯನ್ನು ಕೆರಳಿಸುತ್ತದೆ, ತುಂಬುತೋಳಿನ ಬಟ್ಟೆ ಮತ್ತು ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಮೋಡದ ದಿನವೂ ಬೇಕು.

ಜನನಾಂಗದ ಚರ್ಮಕ್ಕೂ ಈ ರೋಗ ಇಳಿಯುತ್ತದೆ. ಸಂಕೋಚದಿಂದ ರೋಗಿ ಹೇಳುವುದಿಲ್ಲ, ವೈದ್ಯರೂ ಎಷ್ಟೋ ಸಲ ಕೇಳುವುದಿಲ್ಲ. ಅಕ್ಕನಾಗಿ ನಿಮಗೂ ಕೇಳಲು ಕಷ್ಟ. ವೈದ್ಯರ ಜೊತೆ ಒಬ್ಬರೇ ಮಾತಾಡಲು ಅವರಿಗೆ ಹತ್ತು ನಿಮಿಷ ಬಿಟ್ಟುಕೊಡಿ.

ಸ್ಟೀರಾಯ್ಡ್ ಮಾಡುವ ಹಾನಿ

ಪ್ರೆಡ್ನಿಸೋಲೋನ್ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೇ ಸಲ. ಸಂಜೆ ನುಂಗಿದರೆ ನಿದ್ದೆ ಹಾಳು. ಬೆಳಿಗ್ಗೆ ನುಂಗಿದ ಮಾತ್ರೆಯಿಂದ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆಗೆ, ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆ ಸರಿಯಾಗಿದ್ದರೂ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿ. ಮೂರು ತಿಂಗಳು ದಾಟಿ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು. ಜೊಲೆಡ್ರೋನಿಕ್ ಆಮ್ಲದಂಥ ಇಂಜೆಕ್ಷನ್ ಕೊಡುವುದಾದರೆ ಹಲ್ಲು ಕೀಳಿಸುವ ಕೆಲಸವೇನಿದ್ದರೂ ಮೊದಲೇ ಮುಗಿಸಿಕೊಳ್ಳಬೇಕು, ಆಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ. ತೊಡೆಸಂದಿನಲ್ಲಿ ನೋವು ಶುರುವಾದರೆ ಎಕ್ಸ್‌-ರೇ ಸರಿಯಿದೆ ಎಂದು ಸುಮ್ಮನಾಗದೆ ಎಂಆರ್‌ಐ ಕೇಳಿ, ಸೊಂಟದ ಕೀಲಿನ ಮೂಳೆ ರಕ್ತ ಸಿಗದೆ ಸಾಯುವುದು ಆರಂಭದಲ್ಲಿ ಎಕ್ಸ್‌-ರೇಗೆ ಕಾಣುವುದಿಲ್ಲ.

ಇಷ್ಟು ತಿಂಗಳಲ್ಲಿ ಅವರ ಅಡ್ರಿನಲ್ ಗ್ರಂಥಿ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಬಹುತೇಕ ನಿಲ್ಲಿಸಿರುತ್ತದೆ. ಮಾತ್ರೆ ಹಠಾತ್ತಾಗಿ ತಪ್ಪಿದರೆ ರಕ್ತದೊತ್ತಡ ಕುಸಿಯಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಮೂಲಕ ಪಡೆಯಲು ಆಸ್ಪತ್ರೆಗೆ ಹೋಗಬೇಕು. ಜ್ವರ ಅಥವಾ ಆಪರೇಷನ್ ಸಮಯದಲ್ಲಿ ಡೋಸ್ ಎಷ್ಟು ಏರಿಸಬೇಕೆಂದು ಮೊದಲೇ ಬರೆಸಿಟ್ಟುಕೊಳ್ಳಿ.

ಲಸಿಕೆ ಮತ್ತು ರಕ್ತ

ಕಸಿಯಾದ ಮೇಲೆ ಬಾಲ್ಯದ ಲಸಿಕೆಗಳ ರಕ್ಷಣೆ ಕ್ರಮೇಣ ಅಳಿಸಿಹೋಗುತ್ತದೆ. ನ್ಯುಮೋಕಾಕಸ್, ಫ್ಲೂ ಇಂಜೆಕ್ಷನ್ ಮುಂತಾದ ನಿರ್ಜೀವ ಲಸಿಕೆಗಳನ್ನು ಜಿವಿಎಚ್‌ಡಿ ಇದ್ದಾಗಲೂ ಕೊಡಬಹುದು, ಫಲ ಕಡಿಮೆ ಅಷ್ಟೇ. ದಡಾರದ ಎಂಎಂಆರ್, ಸೀತಾಳೆಸಿಡುಬಿನಂಥ ಜೀವಂತ ಲಸಿಕೆಗಳಿಗೆ ಮೂರು ಷರತ್ತು: ಕಸಿಯಾಗಿ 24 ತಿಂಗಳು, ರೋಗನಿರೋಧಕ ತಗ್ಗಿಸುವ ಔಷಧ ನಿಂತು 1 ವರ್ಷ, ಇಮ್ಯುನೋಗ್ಲಾಬ್ಯುಲಿನ್ (ಪ್ರತಿಕಾಯಗಳು) ಕೊಟ್ಟಿದ್ದರೆ ಅದಾಗಿ 8 ತಿಂಗಳು. ಮೂರೂ ಪೂರೈಸಿ, ಜಿವಿಎಚ್‌ಡಿ ಸಕ್ರಿಯವಾಗಿಲ್ಲದಿದ್ದರೆ ಮಾತ್ರ. ಮನೆಯ ಮಕ್ಕಳಿಗೆ ಪೋಲಿಯೋ ಹನಿಯ ಬದಲು ಇಂಜೆಕ್ಷನ್ ಹಾಕಿಸಿ, ಹನಿಯಲ್ಲಿರುವ ಜೀವಂತ ವೈರಸ್ ಮಲದ ಮೂಲಕ ಇವರಿಗೆ ದಾಟಬಹುದು.

ರಕ್ಸೋಲಿಟಿನಿಬ್‌ನಿಂದ ಹಿಮೋಗ್ಲೋಬಿನ್ ಇಳಿದು ರಕ್ತ ಕೊಡಬೇಕಾಗಿ ಬಂದರೆ, ವಿಕಿರಣಕ್ಕೆ ಒಡ್ಡಿದ ಇರೇಡಿಯೇಟೆಡ್ ರಕ್ತವೇ ಆಗಬೇಕು. ಇಲ್ಲವಾದರೆ ಅದರಲ್ಲಿನ ಮೂರನೆಯವರ ಲಿಂಫೋಸೈಟುಗಳು ಇನ್ನೊಂದು ಜಿವಿಎಚ್‌ಡಿ ತರಬಹುದು. ಅಪಘಾತವಾಗಿ ಬೇರೆ ಆಸ್ಪತ್ರೆಗೆ ಸೇರಿದಾಗ ಇದನ್ನು ಹೇಳುವವರು ಪಕ್ಕದಲ್ಲಿ ಇರದೆ ಹೋಗಬಹುದು. ಒಂದು ಚೀಟಿಯಲ್ಲಿ ಮೂರು ಸಾಲು ಬರೆದು ಅವರ ಪರ್ಸಿನಲ್ಲಿಡಿ: ಕಸಿಯ ದಿನಾಂಕ; ಪ್ರತಿದಿನ ಸ್ಟೀರಾಯ್ಡ್, ಹಠಾತ್ ನಿಲ್ಲಿಸಬಾರದು; ಇರೇಡಿಯೇಟೆಡ್ ರಕ್ತ ಮಾತ್ರ. ಕೆಳಗೆ ಕಸಿ ತಂಡದ ರಾತ್ರಿ ಪಾಳಿಯ ಫೋನ್ ನಂಬರ್ ಇರಲಿ.